ಆಕಾರ ಕಲಿಸಿದವರು ಕೊನೆಯನ್ನೂ ಕಲಿಸಲಿ

ಜಗತ್ತಿನ ಬೇರೆ ಬೇರೆ ಜನರ ಬದುಕನ್ನು ಮಕ್ಕಳಿಗೆ ಪರಿಚಯಿಸಲು ಕೈಕೆಲಸಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂಬ ನಂಬಿಕೆ ಈಗ ಶಾಲೆಗಳಲ್ಲೂ ಪಾಲಕರಲ್ಲೂ ಗಟ್ಟಿಯಾಗಿದೆ. ರಾಯಚೂರು ನಗರದ ಶಾಲೆಯಿರಲಿ, ದೇವದುರ್ಗ, ಮಾನ್ವಿಯ ಶಾಲೆಯಿರಲಿ, ‘ಪ್ರಾಜೆಕ್ಟ್’ ಎಂದರೆ ಸಾಕು, ಡ್ರಾಯಿಂಗ್ ಶೀಟು, ಥರ್ಮಾಕೋಲ್, ಬಣ್ಣದ ಕಾಗದ, ಗೋಂದು ಮನೆಗೆ ಬರುತ್ತವೆ. ಈಜಿಪ್ಟಿನ ಪಿರಮಿಡ್ಡು, ಆಫ್ರಿಕಾದ ಮುಖವಾಡ, ಟಿಬೆಟಿನ ಮಂಡಲ ತಯಾರಾಗಿ ಗೋಡೆ ಏರುತ್ತವೆ. ನೋಡಲು ಚೆಂದ. ಆದರೆ ಇವುಗಳಲ್ಲಿ ಯಾವುದೂ ಮೂಲದಲ್ಲಿ ಅಲಂಕಾರದ ಸಾಮಾನಲ್ಲ. ಪಿರಮಿಡ್ಡು ಸತ್ತವರ ಮನೆ. ಆಫ್ರಿಕಾದ ಎಷ್ಟೋ ಸಮುದಾಯಗಳಲ್ಲಿ ಮುಖವಾಡವೆಂದರೆ ಹಿರಿಯರ ಚೇತನ ಬಂದು ನೆಲೆಸುವ ಜಾಗ. ಮಂಡಲವು ಧ್ಯಾನದಲ್ಲಿ ಪ್ರವೇಶಿಸಬೇಕಾದ ದೇವತೆಯ ಅರಮನೆ. ಇನ್ನೊಬ್ಬರು ಕೈಮುಗಿಯುವ ವಸ್ತುವನ್ನು ನಮ್ಮ ಮಗು ಕತ್ತರಿ ಹಿಡಿದು ಮಾಡಬಹುದೆ? ಮಾಡಿದರೆ ಆ ಜನರನ್ನು ಅರಿತಂತಾಯಿತೋ, ಅವರ ದೇವರನ್ನು ಹಗುರ ಮಾಡಿದಂತಾಯಿತೋ? ಮೇಲ್ನೋಟಕ್ಕೆ ಇದು ಶಾಲೆಯ ಪ್ರಶ್ನೆಯಂತೆ ಕಂಡರೂ ಆಳದಲ್ಲಿ ಧರ್ಮದ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಕೃಷ್ಣೆ, ತುಂಗಭದ್ರೆಗಳ ನಡುವಿನ ಎಡೆದೊರೆ ನಾಡಿಗಿಂತ ತಕ್ಕ ಜಾಗ ಇನ್ನೊಂದಿರಲಾರದು. ಇಲ್ಲಿನ ಮಕ್ಕಳು ದೇವರನ್ನು ಕೈಯಾರೆ ಮಾಡುತ್ತಲೇ ಬೆಳೆದವರು.

ಕಾರ ಹುಣ್ಣಿಮೆ ಕಳೆದು ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಯನ್ನೇ ನೋಡಿ. ಮುಂಗಾರು ಬಿತ್ತನೆಯ ಕಾಲ. ಎರೆಮಣ್ಣು ತಂದು, ಹರಳು ಆಯ್ದು, ನೀರು ಚಿಮುಕಿಸಿ ನಾದುತ್ತಾರೆ. ನೀರು ಹೆಚ್ಚಾದರೆ ಎತ್ತಿನ ಕಾಲು ಕುಸಿಯುತ್ತದೆ, ಕಡಿಮೆಯಾದರೆ ಒಣಗುವ ಹೊತ್ತಿಗೆ ಕೋಡು ಸೀಳುತ್ತದೆ. ಹೆಗಲ ಮೇಲಿನ ಡುಬ್ಬ ತುಸು ಹಿಂದೆ ಸರಿದರೂ ಎತ್ತು ಎಮ್ಮೆಯಾಗಿಬಿಡುತ್ತದೆ. ಕಣ್ಣಿಗೆ ಕಾಳು ಒತ್ತಿ, ಜೋಡಿ ಎತ್ತುಗಳ ಮುಂದೆ ಮಣ್ಣಿನದೇ ಗೋದಲಿ ಇಟ್ಟು, ಜಗಲಿಯ ಮೇಲೆ ಕೂರಿಸಿ ಪೂಜೆ ಮಾಡುತ್ತಾರೆ, ನೈವೇದ್ಯ ಹಿಡಿಯುತ್ತಾರೆ. ಮರುದಿನ ಮಕ್ಕಳು ಎತ್ತು ಕುಂಟಾಯಿತೆಂದು ಹಾಡಿಕೊಂಡು ಮನೆಮನೆಗೆ ಹೋಗಿ ಕಾಳುಕಡಿ ಕೇಳುತ್ತಾರೆ. ಆಮೇಲೆ ಆ ಎತ್ತುಗಳು ಹೊಲದ ಬದುವಿಗೋ ಹಳ್ಳಕ್ಕೋ ಬಾವಿಗೋ ಹೋಗುತ್ತವೆ, ಇಲ್ಲವೇ ಮಾಳಿಗೆಯ ಮೇಲೆ ಮಳೆಗೆ ಕರಗುತ್ತವೆ. ಮಳೆಗಾಲ ಮುಗಿಯುವ ತನಕ ಹೀಗೆ ಗುಳ್ಳವ್ವ, ನಾಗಪ್ಪ, ಗಣಪ್ಪ, ಜೋಕುಮಾರ ಎಂದು ಒಂದರ ಹಿಂದೊಂದು ಮಣ್ಣಿನ ದೇವರು ಬರುತ್ತಾರೆ, ಹೋಗುತ್ತಾರೆ. ಜೋಕುಮಾರನಂತೂ ಹುಟ್ಟಿದ ಏಳೇ ದಿನಕ್ಕೆ ಸಾಯುವ ದೇವರು. ಬುಟ್ಟಿಯಲ್ಲಿ ಅವನನ್ನು ಹೊತ್ತು ಹಾಡಿದ ಹೆಂಗಸರೇ ಅವನಿಗಾಗಿ ಅಳುತ್ತಾರೆ.

ಇಲ್ಲಿ ಮಗು ಎರಡು ವಿಷಯ ಕಲಿಯುತ್ತದೆ. ಒಂದು, ದೇವರ ಆಕಾರವನ್ನು ತನ್ನ ಕೈ ಮಾಡಬಲ್ಲದು ಎಂಬುದು. ಇನ್ನೊಂದು, ಆ ಆಕಾರ ದೇವರಾಗಿ ಉಳಿಯುವುದಿಲ್ಲ ಎಂಬುದು. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಪಾಠ. ಶಾಲೆಯ ಪ್ರಾಜೆಕ್ಟು ಕಲಿಸದೆ ಬಿಟ್ಟಿರುವುದೂ ಅದನ್ನೇ. ನಮ್ಮ ಪೂಜಾವಿಧಿಯಲ್ಲಿ ಆವಾಹನೆ ಎಂಬುದೊಂದಿದೆ, ವಿಸರ್ಜನೆ ಎಂಬುದೊಂದಿದೆ. ಕರೆದಾಗ ಬಂದು, ಕಳಿಸಿದಾಗ ಹೋಗುವ ದೇವರಿಗೆ ಮಣ್ಣು ತಾತ್ಕಾಲಿಕ ಆಸನ. ಮಾನ್ವಿಯಲ್ಲಿ ನೆಲೆ ನಿಂತು ‘ಹರಿಕಥಾಮೃತಸಾರ’ ಬರೆದ ಜಗನ್ನಾಥದಾಸರು, ಅದೇ ತಾಲೂಕಿನ ಚೀಕಲಪರ್ವಿಯ ವಿಜಯದಾಸರು ನಂಬಿದ್ದ ಮಧ್ವಮತವೂ ಪ್ರತಿಮೆಯನ್ನೇ ಪರಮಾತ್ಮನೆಂದು ಹೇಳುವುದಿಲ್ಲ. ಪ್ರತಿಮೆಯಲ್ಲಿ ಅವನ ಸನ್ನಿಧಾನವಿದೆ ಎನ್ನುತ್ತದೆ. ಇನ್ನೊಂದು ತುದಿಯಲ್ಲಿ ನಿಂತ ಶರಣರು ಕಲ್ಲು ಮಣ್ಣುಗಳ ದೇವರನ್ನೇ ಪ್ರಶ್ನಿಸಿ ಕಾಯಕವನ್ನು ಎತ್ತಿ ಹಿಡಿದರು. ದೇವದುರ್ಗದಿಂದ ದೂರವಲ್ಲದ ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯ ನೇಕಾರ, ಗುಂಡಯ್ಯ ಕುಂಬಾರ. ಒಬ್ಬರನ್ನೊಬ್ಬರು ಒಪ್ಪದ ಈ ಎರಡು ಪರಂಪರೆಗಳೂ ಒಂದು ಮಾತಿನಲ್ಲಿ ಕೂಡುತ್ತವೆ: ಆಕಾರವೇ ದೇವರಲ್ಲ. ಆದ್ದರಿಂದ ಮಗು ಇನ್ನೊಂದು ಧರ್ಮದ ಆಕಾರವೊಂದನ್ನು ಮಾಡಿದರೆ ಆ ಧರ್ಮದ ದೇವರನ್ನು ಪೂಜಿಸಿದಂತೆ ಆಗುವುದಿಲ್ಲ, ಅವಮಾನಿಸಿದಂತೆಯೂ ಆಗುವುದಿಲ್ಲ.

ಆದರೆ ಇದೇ ಮಾತು ತಿರುಗಿ ನಮ್ಮನ್ನೇ ಕೇಳುತ್ತದೆ. ಆಕಾರ ದೇವರಲ್ಲವೆಂದರೆ, ಬರೀ ಆಕಾರ ಮಾಡಿಸಿ ಮಗುವಿಗೆ ನಾವು ಕಲಿಸಿದ್ದೇನು? ಮಂಡಲದ ಚಿತ್ರಕ್ಕೆ ಬಣ್ಣ ತುಂಬಿದ ಮಗುವಿಗೆ ಬೌದ್ಧ ಧರ್ಮದ ಒಂದಕ್ಷರವೂ ತಿಳಿದಿರುವುದಿಲ್ಲ. ಬೈಲಕುಪ್ಪೆ, ಮುಂಡಗೋಡದಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರ ಮಠಗಳಲ್ಲಿ ಭಿಕ್ಷುಗಳು ದಿನಗಟ್ಟಲೆ ಬಾಗಿ ಕೂತು ಬಣ್ಣದ ಮರಳಿನಿಂದ ಮಂಡಲ ಬರೆಯುತ್ತಾರೆ. ಮುಗಿದ ಮೇಲೆ ಅದನ್ನು ಅಳಿಸಿ, ಮರಳನ್ನು ಗುಡಿಸಿ, ಹರಿಯುವ ನೀರಿಗೆ ಬಿಡುತ್ತಾರೆ. ಅನಿತ್ಯದ ಪಾಠ ಇರುವುದು ಆ ಅಳಿಸುವಿಕೆಯಲ್ಲಿ. ಲ್ಯಾಮಿನೇಟ್ ಮಾಡಿಸಿ ಗೋಡೆಗೆ ತೂಗುಹಾಕಿದ ಮಂಡಲ ಆ ಪಾಠಕ್ಕೆ ತದ್ವಿರುದ್ಧ. ಹಾಗಾಗಿ ನನ್ನ ವಾದ ಇಷ್ಟು: ಒಂದು ಸಂಸ್ಕೃತಿಯ ಪವಿತ್ರ ವಸ್ತುವನ್ನು ಮಗುವಿನ ಕೈಗೆ ಕೊಡುವುದಾದರೆ ಅದರ ಕೊನೆಯನ್ನೂ ಕೊಡಬೇಕು. ಯಾವ ದಿನಕ್ಕೆ, ಯಾರಿಗಾಗಿ ಮಾಡುತ್ತಾರೆ, ಆಮೇಲೆ ಅದು ಎಲ್ಲಿಗೆ ಹೋಗುತ್ತದೆ ಎಂಬುದು ಬಾರದಿದ್ದರೆ ಮಾಡಿದ್ದು ಬರೀ ನಕಲು. ಮಣ್ಣೆತ್ತನ್ನು ಮಳೆಗೆ ಬಿಟ್ಟು ಗೊತ್ತಿರುವ ಮಾನ್ವಿಯ ಮಗುವಿಗೆ ಮರಳಿನ ಮಂಡಲವನ್ನು ಯಾಕೆ ಅಳಿಸುತ್ತಾರೆಂದು ಉದ್ದ ವಿವರಣೆ ಬೇಕಿಲ್ಲ. ಆ ಕಡೆಗೆ ಹೋಗುವ ದಾರಿ ಅದರ ಕೈಯಲ್ಲಿ ಆಗಲೇ ಇದೆ.

ಜಗತ್ತು ಈ ಸೀಮೆಗೆ ಹೊಸದೂ ಅಲ್ಲ. ರಾಯಚೂರಿನ ಏಕ್ ಮಿನಾರ್ ಮಸೀದಿಯ ಒಂಟಿ ಮಿನಾರು ಬಹಮನಿಗಳ ಕೊನೆಗಾಲದ್ದು, 1513ರ ಸುಮಾರಿನದು. ಪರ್ಷಿಯಾದ ಕಟ್ಟುಗಾರಿಕೆಯ ರೀತಿ ಅದರಲ್ಲಿ ಎದ್ದು ಕಾಣುತ್ತದೆ. ಕಲ್ಲು ಕಟ್ಟಡಕ್ಕಿಂತ ಆಳವಾಗಿ ಬೇರು ಬಿಟ್ಟಿರುವುದು ಮೊಹರಂ. ಇರಾಕಿನ ಯೂಫ್ರೆಟಿಸ್ ನದಿಯ ಸೀಮೆಯ ಕರ್ಬಲಾದಲ್ಲಿ 680ರಲ್ಲಿ ಇಮಾಮ್ ಹುಸೇನರು ನೀರಿಲ್ಲದೆ ಬಳಲಿ ಮಡಿದ ಕಥೆಯನ್ನು ಈ ಜಿಲ್ಲೆಯ ಹಳ್ಳಿಗಳು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತವೆ. ಮುದಗಲ್ಲಿನ ಮೊಹರಮ್ಮಿಗೆ ಊರೂರಿಂದ ಜನ ಸೇರುತ್ತಾರೆ. ಉತ್ತರ ಕರ್ನಾಟಕದಲ್ಲಿ ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲೂ ಅಲಾಯಿ ದೇವರು ಕೂರುತ್ತವೆ. ಚಂದ್ರ ಕಂಡ ಮೇಲೆ ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತದೆ. ವರ್ಷವಿಡೀ ಪೆಟ್ಟಿಗೆಯಲ್ಲಿದ್ದ ಪಂಜಾ ಹೊರಗೆ ಬರುತ್ತವೆ. ಹರಕೆ ಹೊತ್ತ ಮನೆಯ ಮಕ್ಕಳು ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ. ಅಡುಗೆಮನೆಯಲ್ಲಿ ಚೊಂಗೆ ತಯಾರಾಗುತ್ತದೆ, ಬೆಲ್ಲ ಬೆರೆಸಿ ಕಲೆಸಿದ ಹಿಟ್ಟಿಗೆ ಅಚ್ಚಿನ ಮೇಲೆ ಗೆರೆ ಮೂಡಿಸುವ ಕೆಲಸಕ್ಕೆ ಮಕ್ಕಳ ಕೈಯೂ ಸೇರುತ್ತದೆ. ಕತಲ್ ರಾತ್ರಿ ಕಳೆದು, ಹತ್ತನೆಯ ದಿನ ದೇವರು ದಫನ್ ಆದ ಮೇಲೆ ಕುಣಿ ಮುಚ್ಚುತ್ತದೆ, ಪಂಜಾ ಮತ್ತೆ ಪೆಟ್ಟಿಗೆಗೆ ಹೋಗುತ್ತವೆ. ಇಲ್ಲಿಯೂ ಪಾವಿತ್ರ್ಯ ಲೋಹದಲ್ಲಿಲ್ಲ, ಆ ಹತ್ತು ದಿನಗಳಲ್ಲಿದೆ. 1845ರಿಂದ ಕೂಲಿಗಳಾಗಿ ಹಡಗು ಹತ್ತಿ ಕೆರಿಬಿಯನ್ ದ್ವೀಪ ಟ್ರಿನಿಡಾಡಿಗೆ ಹೋದ ಭಾರತೀಯರು ಇದೇ ಮೊಹರಮ್ಮನ್ನು ಅಲ್ಲಿ ‘ಹೊಸೆ’ ಎಂಬ ಹೆಸರಿನಲ್ಲಿ ಉಳಿಸಿಕೊಂಡಿದ್ದಾರೆ. ಬಿದಿರು ಮತ್ತು ಕಾಗದದಲ್ಲಿ ವಾರಗಟ್ಟಲೆ ಕೂತು ಎತ್ತರದ ತಾಜಿಯಾ ಕಟ್ಟುತ್ತಾರೆ, ಮೆರವಣಿಗೆ ಮಾಡಿ ಸಮುದ್ರಕ್ಕೆ ಬಿಡುತ್ತಾರೆ. ದೇವದುರ್ಗದ ಮಗುವಿಗೆ ಕೆರಿಬಿಯನ್ ಸಂಸ್ಕೃತಿಯನ್ನು ಪರಿಚಯಿಸಬೇಕೆಂದರೆ ತೆಂಗಿನಮರ, ಬಣ್ಣದ ಗರಿಗಳ ಚಿತ್ರಕ್ಕಿಂತ ಇದು ಹತ್ತಿರದ ಬಾಗಿಲು.

ಪಾಲಕರು ಇಲ್ಲಿ ಆಕ್ಷೇಪ ಎತ್ತಬಹುದು. ಬೇರೆಯವರ ಧರ್ಮದ ವಸ್ತು ಮಾಡಿಸುವುದು ಮಗುವಿನ ನಂಬಿಕೆಯ ಮೇಲೆ ಕೈಹಾಕಿದಂತೆ ಅಲ್ಲವೆ? ಆತಂಕ ಸಣ್ಣದಲ್ಲ, ಸಂವಿಧಾನವೂ ಅದನ್ನು ಗಂಭೀರವಾಗಿಯೇ ತೆಗೆದುಕೊಂಡಿದೆ. ಸಂಪೂರ್ಣ ಸರ್ಕಾರಿ ಹಣದಿಂದ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ 28ನೇ ವಿಧಿ. ಅನುದಾನಿತ ಮತ್ತು ಮಾನ್ಯತೆ ಪಡೆದ ಶಾಲೆಗಳಲ್ಲೂ ಪೂಜೆ, ಪ್ರಾರ್ಥನೆಗೆ ಮಗುವನ್ನು ಒತ್ತಾಯಿಸುವಂತಿಲ್ಲ. ಆದರೆ 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಗೆರೆ ಎಳೆದು ತೋರಿಸಿತು. ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಬೇರೆ, ಎರಡನೆಯದಕ್ಕೆ ಸಂವಿಧಾನದ ಅಡ್ಡಿಯಿಲ್ಲ ಎಂದಿತು. ಕೈಕೆಲಸ ಈ ಗೆರೆಯ ಯಾವ ಕಡೆಗಿದೆ ಎಂಬುದನ್ನು ನಿರ್ಧರಿಸುವುದು ಮಾಡುವ ರೀತಿ. ಆವಾಹನೆಯಿಲ್ಲದೆ, ಕೈಮುಗಿಸದೆ, ‘ಈ ಜನ ಹೀಗೆ ಮಾಡುತ್ತಾರೆ, ಈ ಕಾರಣಕ್ಕೆ ಮಾಡುತ್ತಾರೆ’ ಎಂದು ಹೇಳಿ ಮಾಡಿಸಿದರೆ ಅದು ತಿಳಿವಳಿಕೆ. ತರಗತಿಯಲ್ಲಿ ಆರತಿ ತಟ್ಟೆ ಬಂದ ಕ್ಷಣ ಅದು ಗೆರೆ ದಾಟಿತು. ಬಹುಸಂಖ್ಯಾತರ ಹಬ್ಬಗಳ ವಿಷಯದಲ್ಲಿ ನಮ್ಮ ಶಾಲೆಗಳು ಈ ಗೆರೆಯನ್ನು ಗಮನಿಸುವುದೇ ಇಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಅಲ್ಪಸಂಖ್ಯಾತರ ಹಬ್ಬ ಬಂದಾಗ ಮಾತ್ರ ಗೆರೆ ನೆನಪಾಗುವುದು ನ್ಯಾಯವಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಜೀವಿಗಳ ರೂಪ ಮಾಡುವುದನ್ನೇ ಒಪ್ಪದ ಮನೆಗಳ ಪ್ರಶ್ನೆ. ಇಸ್ಲಾಮಿನಲ್ಲಿ ಪ್ರತಿಮೆ ಕುರಿತ ನಿಷೇಧ ಬಲವಾದದ್ದು. ಪ್ರವಾದಿಯವರ ಪತ್ನಿ ಆಯಿಷಾ ಎಳೆಯ ವಯಸ್ಸಿನಲ್ಲಿ ಗೊಂಬೆಗಳ ಜೊತೆ ಆಡುತ್ತಿದ್ದರೆಂಬ ಹದೀಸನ್ನು ಆಧರಿಸಿ ಮಕ್ಕಳ ಆಟಿಕೆಗೆ ವಿನಾಯಿತಿ ಕೊಟ್ಟ ವಿದ್ವಾಂಸರು ಇದ್ದಾರೆ. ಒಪ್ಪದವರೂ ಇದ್ದಾರೆ. ಮೊಹರಮ್ಮಿನ ಪಂಜಾ, ತಾಜಿಯಾಗಳೇ ಇಸ್ಲಾಮಿಗೆ ಸಲ್ಲವೆನ್ನುವ ಉಲೇಮಾಗಳಿಗೂ ಕೊರತೆಯಿಲ್ಲ. ಹಾಗಾದರೆ ಯಾರ ಮಾತು ಕೇಳಿ ‘ಆ ಸಂಸ್ಕೃತಿ’ಯನ್ನು ಕಲಿಸುವುದು? ಒಂದು ಧರ್ಮಕ್ಕೆ ಒಂದೇ ದನಿ ಇದೆಯೆಂದು ಮಕ್ಕಳಿಗೆ ಸುಳ್ಳು ಹೇಳಬೇಕಿಲ್ಲ ಎಂಬುದೇ ನನ್ನ ಉತ್ತರ. ಎತ್ತು ಮಾಡಲು ಒಲ್ಲದ ಮಗು ಗೋದಲಿ ಮಾಡಲಿ, ಬಂಡಿ ಮಾಡಲಿ, ಅದನ್ನೂ ಒಲ್ಲೆನೆಂದರೆ ಮಣ್ಣು ನಾದಿಕೊಡಲಿ. ಅದು ಯಾಕೆ ಒಲ್ಲೆ ಎಂದಿತು ಎಂಬುದು ಉಳಿದ ಮಕ್ಕಳಿಗೆ ಆ ದಿನದ ಅತ್ಯಂತ ಬೆಲೆಯುಳ್ಳ ಪಾಠವಾದೀತು. ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರು ಸಿಕ್ಕಿದ್ದು 1915ರಲ್ಲಿ, ಅದು ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಈ ಚರ್ಚೆಗೆ ಬೇಕಾದ ಅಶೋಕ ಸಿಗುವುದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ. ಅಲ್ಲಿ ದೊರೆತ ಹನ್ನೆರಡನೆಯ ಶಿಲಾಶಾಸನದಲ್ಲಿ ಆತ ಎಲ್ಲ ಪಂಥಗಳ ಸಾರ ಬೆಳೆಯಬೇಕೆಂದು ಬಯಸುತ್ತಾನೆ, ಅದಕ್ಕೆ ಮೂಲ ಮಾತಿನ ಸಂಯಮ ಎನ್ನುತ್ತಾನೆ, ಪರರ ಧರ್ಮವನ್ನು ಕೇಳಿ ತಿಳಿಯಬೇಕು ಎನ್ನುತ್ತಾನೆ. ಮಾತಿಗೆ ಬೇಕಾದ ಆ ಸಂಯಮ ಕೈಗೂ ಬೇಕು.

ಕೈಯ ಸಂಯಮ ಎಂದರೆ ಎಲ್ಲವನ್ನೂ ಮಾಡಲು ಹೋಗದಿರುವುದು. ಇಷ್ಟಲಿಂಗ ತರಗತಿಯ ಜೇಡಿಮಣ್ಣಿನ ವಸ್ತುವಲ್ಲ. ಪಂಜಾ ಮುಟ್ಟುವುದಕ್ಕೆ ಮುಜಾವರರ ಮನೆತನವಿದೆ, ಮಡಿಯಿದೆ, ಅದನ್ನು ರಟ್ಟಿನಲ್ಲಿ ಕತ್ತರಿಸಿ ಬೆಳ್ಳಿ ಬಣ್ಣ ಬಳಿಯುವುದು ಸಲ್ಲ. ಯಾವುದು ಸಲ್ಲುತ್ತದೆ ಎಂದು ತಿಳಿಯಲು ನನಗೆ ತೋಚುವ ಅಳತೆ ಒಂದೇ: ಆ ಜನ ತಮ್ಮ ಮಕ್ಕಳ ಕೈಗೆ ಏನನ್ನು ಕೊಟ್ಟಿದ್ದಾರೋ ಅದನ್ನು ನಮ್ಮ ಮಕ್ಕಳೂ ಮಾಡಲಿ. ಮೊಹರಮ್ಮಿನಲ್ಲಿ ಚೊಂಗೆಯ ಅಚ್ಚು, ಕ್ರಿಸ್‌ಮಸ್ಸಿನಲ್ಲಿ ಗೋದಲಿ, ಗೌರಿ ಹುಣ್ಣಿಮೆಯಲ್ಲಿ ಸಕ್ಕರೆ ಆರತಿಯ ಗೊಂಬೆ. ಹುಡುಕುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಧರ್ಮಗಳು ಮಕ್ಕಳ ಕೈಗೆ ಕೊಟ್ಟಿರುವುದು ಬಹುಮಟ್ಟಿಗೆ ಕರಗುವ, ಒಣಗುವ, ತಿಂದು ಮುಗಿಸುವ ವಸ್ತುಗಳನ್ನೇ. ಮೆಕ್ಸಿಕೋದಲ್ಲಿ ಸತ್ತವರ ಹಬ್ಬಕ್ಕೆ ಅಚ್ಚಿಗೆ ಹಾಕಿ ತೆಗೆಯುವ ತಲೆಬುರುಡೆಯೂ ಸಕ್ಕರೆಯದೇ. ಗೋದಲಿ ಕರಗುವುದಿಲ್ಲ ನಿಜ, ಆದರೆ ಅದಕ್ಕೂ ಬಿಚ್ಚುವ ದಿನವಿದೆ. ದೊಡ್ಡವರು ಕಲ್ಲಿನಲ್ಲಿ ಕಟ್ಟಿದ್ದು ಉಳಿಯಲಿ, ಅದನ್ನು ಮಕ್ಕಳು ನೋಡಿ ಬರಲಿ. ರಾಯಚೂರು ಕೋಟೆಯ ಗೋಡೆಯಲ್ಲಿರುವ 1294ರ ಶಾಸನದ ಕಲ್ಲು 41 ಅಡಿಗೂ ಉದ್ದ. ಅದನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಹಗ್ಗ ಹಿಡಿದು ಅದರ ಉದ್ದ ಅಳೆದು ಬಂದ ಮಕ್ಕಳಿಗೆ ಥರ್ಮಾಕೋಲಿನ ಕೋಟೆ ಬೇಕಾಗುವುದಿಲ್ಲ.

ಹೋಲಿಕೆ ತೋರಿಸುವಾಗ ಇನ್ನೊಂದು ಅಪಾಯವಿದೆ. ಎಲ್ಲ ಧರ್ಮಗಳೂ ಒಂದೇ ಎಂಬ ಸುಲಭದ ಮಾತಿಗೆ ಮಕ್ಕಳನ್ನು ತಂದು ನಿಲ್ಲಿಸುವುದು. ಲಂಬಾಣಿ ತಾಂಡಾಗಳಲ್ಲಿ ತೀಜ್ ಹಬ್ಬಕ್ಕೆ ಮದುವೆಯಾಗದ ಹುಡುಗಿಯರು ಬುಟ್ಟಿಯಲ್ಲಿ ಗೋಧಿ ಬಿತ್ತಿ, ಒಂಬತ್ತು ದಿನ ನೀರೆರೆದು ಹಾಡಿ ಕುಣಿದು, ಕೊನೆಗೆ ಆ ಸಸಿಗಳನ್ನು ಕಿತ್ತು ಹಂಚಿ ನೀರಿಗೆ ಬಿಡುತ್ತಾರೆ. ಇರಾನಿನ ಮನೆಗಳಲ್ಲಿ ಹೊಸ ವರ್ಷ ನೌರೂಜಿಗೆ ತಟ್ಟೆಯಲ್ಲಿ ಗೋಧಿಯ ಮೊಳಕೆ ಬೆಳೆಸಿ, ಹದಿಮೂರನೆಯ ದಿನ ಹರಿಯುವ ನೀರಿಗೆ ಹಾಕುತ್ತಾರೆ. ಎರಡನ್ನೂ ಮಕ್ಕಳು ಒಂದೇ ವಾರ ಬೆಳೆಸಿ ನೋಡಬಹುದು, ಖರ್ಚು ಎರಡು ಹಿಡಿ ಗೋಧಿ. ಆದರೆ ತೀಜ್ ಹುಡುಗಿಯರ ಹರಕೆಯ ಹಬ್ಬ, ನೌರೂಜ್ ಮನೆಮಂದಿಯೆಲ್ಲ ಸೇರಿ ವಸಂತವನ್ನು ಬರಮಾಡಿಕೊಳ್ಳುವ ದಿನ. ಮೊಹರಂ ಮೂಲದಲ್ಲಿ ಸಂಭ್ರಮವಲ್ಲ, ಶೋಕ. ನಮ್ಮ ಹಳ್ಳಿಗಳಲ್ಲಿ ಹುಲಿವೇಷ, ಕುಣಿತ ಸೇರಿಕೊಂಡಿದ್ದರೂ ಹತ್ತನೆಯ ದಿನದ ರಿವಾಯತ್ ಕೇಳಿದವರಿಗೆ ಆ ಶೋಕ ತಟ್ಟದೆ ಇರುವುದಿಲ್ಲ. ಕೈಕೆಲಸ ಒಂದೇ ಇರಬಹುದು, ಅದರ ಹಿಂದಿನ ಮನಸ್ಸು ಒಂದೇ ಅಲ್ಲ. ಇದನ್ನು ಹೇಳದೆ ಬಿಟ್ಟರೆ ನಾವು ಪರಿಚಯಿಸಿದ್ದು ನಮ್ಮ ಮುಖವನ್ನೇ, ಬೇರೆಯವರದಲ್ಲ.

ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಜಾತಿಯದು. ಭಾರತದಲ್ಲಿ ಕೈಕೆಲಸ ಎಂಬುದು ಎಂದೂ ಮುಗ್ಧ ಆಟವಾಗಿರಲಿಲ್ಲ. ಮಣ್ಣು, ಚರ್ಮ, ಬಿದಿರು ಮುಟ್ಟಿದ ಕೈಗಳನ್ನು ಸಮಾಜ ಕೀಳೆಂದು ಕರೆಯಿತು. ಅದೇ ಕೆಲಸವನ್ನು ನಗರದ ಮಗು ಎಸಿ ಕೋಣೆಯಲ್ಲಿ ಮಾಡಿದರೆ ಅದಕ್ಕೆ ‘ಆ್ಯಕ್ಟಿವಿಟಿ’ ಎಂಬ ಮರ್ಯಾದೆ. ಸಣ್ಣ ವಯಸ್ಸಿಗೇ ಹತ್ತಿ ಬಿಡಿಸಲು, ಮೆಣಸಿನಕಾಯಿ ಕೀಳಲು ಹೋಗಬೇಕಾದ ಮಕ್ಕಳಿರುವ ಜಿಲ್ಲೆಯಲ್ಲಿ ‘ಕೈಯಿಂದ ಕಲಿ’ ಎಂಬ ಮಾತು ಎಲ್ಲ ಕಿವಿಗಳಿಗೂ ಒಂದೇ ರೀತಿ ಕೇಳಿಸುವುದಿಲ್ಲ. ಈ ಆಕ್ಷೇಪಕ್ಕೆ ವಾದದಲ್ಲಿ ಉತ್ತರವಿಲ್ಲ, ನಡತೆಯಲ್ಲಿ ಮಾತ್ರ ಇದೆ. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮ್ ಮುಂದಿಟ್ಟಾಗ ಕಸುಬನ್ನು ಶಾಲೆಯ ಮಧ್ಯಕ್ಕೆ ತಂದರು. ನಾವು ಕಸುಬನ್ನು ಮಾತ್ರ ತಂದು ಕಸುಬುದಾರನನ್ನು ಬಾಗಿಲ ಹೊರಗೆ ನಿಲ್ಲಿಸಿದೆವು. ಮಣ್ಣೆತ್ತು ಕಲಿಸಲು ಯೂಟ್ಯೂಬ್ ಬೇಡ, ಊರ ಕುಂಬಾರರನ್ನು ಕರೆಯಬೇಕು. ಗುರುಗಳೆಂದು ಕರೆಯಬೇಕು, ಕುರ್ಚಿ ಕೊಡಬೇಕು, ದಿನದ ಸಂಭಾವನೆ ಕೊಡಬೇಕು. ಆರರಿಂದ ಎಂಟನೆಯ ತರಗತಿಯ ಮಕ್ಕಳು 10 ದಿನ ಚೀಲವಿಲ್ಲದೆ ಬಡಗಿ, ಕುಂಬಾರ, ಕಲಾವಿದರ ಬಳಿ ಕಲಿಯಲಿ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಆ ನೀತಿಯ ಬಗ್ಗೆ ಏನೇ ತಕರಾರಿರಲಿ, ಈ ಒಂದು ಮಾತನ್ನು ಜಾರಿಗೆ ತರಲು ಯಾರ ಅಪ್ಪಣೆಯೂ ಬೇಕಿಲ್ಲ.

ಕೊನೆಯ ಆಕ್ಷೇಪ ತಾಯಂದಿರದು. ಮಗು ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಕರಗಿಸಿದರೆ ಅದರ ಮನಸ್ಸು ನೋಯುವುದಿಲ್ಲವೆ? ನೋಯುತ್ತದೆ. ಗಣಪ್ಪನನ್ನು ಕಳಿಸುವಾಗ ಅಳುವ ಮಕ್ಕಳನ್ನು ಪ್ರತಿ ವರ್ಷ ಪ್ರತಿ ಊರಿನಲ್ಲಿ ನೋಡುತ್ತೇವೆ. ಆ ಅಳುವನ್ನು ತಪ್ಪಿಸಲು ಯಾರೂ ಗಣಪ್ಪನನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ, ಮುಂದಿನ ವರ್ಷ ಬರುತ್ತಾನೆಂದು ಹೇಳಿ ಕೈ ಹಿಡಿದು ಕರೆತರುತ್ತೇವೆ. ತಾನು ಮಾಡಿದ್ದರ ಮೇಲೆ ತನಗಿರುವ ಹಕ್ಕು ಒಂದು ಹಂತಕ್ಕೆ ಮುಗಿಯುತ್ತದೆ ಎಂದು ಎಳೆಯ ವಯಸ್ಸಿನಲ್ಲೇ ಅರಿತ ಮಗು, ಇನ್ನೊಬ್ಬರ ದೇವರು ತನ್ನ ಕೈವಶ ಅಲ್ಲ ಎಂಬುದನ್ನೂ ಅರಿಯುತ್ತದೆ. ಬೇರೆ ಧರ್ಮದ ಮುಂದೆ ಮಗುವಿಗೆ ಇರಬೇಕಾದ ವಿನಯ ಇದು. ಚಾರ್ಟು ಎಷ್ಟು ಬರೆಸಿದರೂ ಇದು ಬರುವುದಿಲ್ಲ.

ರಾಯಚೂರು, ದೇವದುರ್ಗ, ಮಾನ್ವಿಯ ಶಿಕ್ಷಕರಲ್ಲಿ, ಪಾಲಕರಲ್ಲಿ ನನ್ನ ಕೇಳಿಕೆ ಇಷ್ಟೇ. ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಗೆ ತರಗತಿಗೆ ಎರೆಮಣ್ಣು ತರಿಸಿ, ಕುಂಬಾರರನ್ನು ಕರೆಸಿ. ಮೊಹರಮ್ಮಿಗೆ ಮುಂಚೆ ಊರ ಮುಜಾವರರ ಬಳಿ ಹೋಗಿ, ಮಕ್ಕಳು ಏನು ಮಾಡಬಹುದು, ಏನು ಮಾಡಬಾರದು ಎಂದು ಕೇಳಿ, ಅವರು ಹೇಳಿದಷ್ಟನ್ನೇ ಮಾಡಿಸಿ. ತಾಂಡಾದ ಹುಡುಗಿಯರು ತರಗತಿಯಲ್ಲಿದ್ದರೆ ಗೋಧಿ ಬಿತ್ತುವುದನ್ನು ಅವರೇ ಕಲಿಸಲಿ. ಮಂಡಲ, ತಾಜಿಯಾ, ನೌರೂಜಿನ ಮೊಳಕೆ ಅದರ ಬೆನ್ನಿಗೆ ಬರಲಿ, ಬಂದದ್ದು ತನ್ನ ಕ್ರಮದಲ್ಲೇ ಮುಗಿಯಲಿ. ಆ ದಿನಗಳಲ್ಲಿ ಪ್ರದರ್ಶನ, ಬಹುಮಾನ, ಅಂಕಗಳನ್ನು ದಯವಿಟ್ಟು ಬದಿಗಿಡಿ.